ಮೈನಸ್ 30 ಡಿಗ್ರಿ ಚಳಿಯಲ್ಲಿ ಬಳ್ಳಿ ಗುಲಾಬಿ: ಗಿಡ ಬದುಕಿದರೂ ಗೋಡೆ ಹತ್ತುವುದಿಲ್ಲ ಏಕೆ?

ಮನೆಯ ಮುಂಗೋಡೆ ತುಂಬ ಕೆಂಪು ಗುಲಾಬಿ, ಅಂಗಳದ ತುಂಬ ಬಿಳಿ ಹಿಮ. ಇಂಥ ಒಂದು ಚಿತ್ರ ನಿಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗಿನ ಸಂದೇಶದ ಸಾರ ಇಷ್ಟು: ಇದು ಮೈನಸ್ 40 ಡಿಗ್ರಿಯಲ್ಲೂ ಅರಳುವ ಬಳ್ಳಿ ಗುಲಾಬಿ. ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನೆಡಿ, ಬುಡಕ್ಕೆ ಎಪ್ಸಮ್ ಉಪ್ಪು ಹಾಕಿ, ಚಳಿಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ. ಕೊನೆಗೆ ಬೀಜ ಕೊಳ್ಳುವ ಲಿಂಕ್.

ನಮಗೆ ಇದನ್ನು ಕಳಿಸಿದ್ದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಓದುಗರೊಬ್ಬರು. ಅವರಿಗೆ ಕಳಿಸಿದ್ದು ಶಿವಮೊಗ್ಗದಲ್ಲಿರುವ ಅವರ ತಾಯಿ. "ಪುಟ್ಟಿ, ಇದನ್ನ ಮಾಡಿ ನೋಡು. ನಿಮ್ಮೂರಿನ ಚಳಿಗೆ ಹೂವಿನ ಬಣ್ಣಾನೇ ಬದಲಾಗಿದೆ ಅಂದಿದ್ದೆಯಲ್ಲ" ಎಂಬ ಸಾಲೂ ಜೊತೆಗಿತ್ತು. ಮಗಳು ಮನೆ ಕೊಂಡ ವರ್ಷ ಬಾಗಿಲ ಪಕ್ಕ ತಿಳಿ ಗುಲಾಬಿ ಬಣ್ಣದ ಬಳ್ಳಿ ಗುಲಾಬಿ ನೆಟ್ಟಿದ್ದರು. ಮೂರು ಚಳಿಗಾಲ ಕಳೆದರೂ ಅದು ಮೊಣಕಾಲಿನ ಎತ್ತರ ದಾಟಲಿಲ್ಲ. ನಾಲ್ಕನೇ ವರ್ಷ ಬಿಟ್ಟ ಹೂ ಕಡುಗೆಂಪು. ಮುಂದಿನ ಜೂನ್‌ನಲ್ಲಿ ತಾಯಿ ಮೊದಲ ಬಾರಿಗೆ ಅಲ್ಲಿಗೆ ಹೋಗುವವರಿದ್ದಾರೆ. ಅಷ್ಟರಲ್ಲಿ ಗೋಡೆ ತುಂಬಾ ಹೂ ನೋಡಬಹುದೇ ಎಂಬುದು ಮಗಳ ಪ್ರಶ್ನೆ.

ಈ ಒಂದು ಗಿಡದ ಕಥೆಯಲ್ಲಿ ಚಳಿ ನಾಡಿನ ಬಳ್ಳಿ ಗುಲಾಬಿಯ ಬಗ್ಗೆ ತಿಳಿಯಬೇಕಾದ ಬಹುತೇಕ ಸಂಗತಿಗಳಿವೆ. ಒಂದೊಂದಾಗಿ ನೋಡೋಣ.

ಹಿಮದಲ್ಲಿ ಗುಲಾಬಿ ಅರಳುತ್ತದೆಯೇ?

ಇಲ್ಲ. ಚಳಿ ತಡೆಯುವ ಗುಲಾಬಿ ಎಂದರೆ ಚಳಿಯಲ್ಲಿ ಅರಳುವ ಗುಲಾಬಿ ಅಲ್ಲ, ಚಳಿಯಲ್ಲಿ ಸರಿಯಾಗಿ ನಿದ್ರಿಸುವ ಗುಲಾಬಿ. ಎಲೆ ಉದುರಿಸಿ, ಬೆಳವಣಿಗೆ ನಿಲ್ಲಿಸಿ, ವಸಂತದಲ್ಲಿ ಮತ್ತೆ ಚಿಗುರುವುದೇ ಅದರ ಶಕ್ತಿ. ಮೈನಸ್ 40 ಡಿಗ್ರಿಯಲ್ಲಿ ಯಾವ ಗುಲಾಬಿಯೂ ಅರಳಿ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಹಿಮ ಬಿದ್ದಿರುವ ಊರಿನಲ್ಲಿ ಗೋಡೆ ತುಂಬ ತಾಜಾ ಗುಲಾಬಿಯ ಚಿತ್ರ ಕಂಡರೆ ಅದು ಜೋಡಿಸಿದ ಅಥವಾ ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ಚಿತ್ರ ಎಂದೇ ತಿಳಿಯಬಹುದು.

ನಮ್ಮ ಕಡೆಯವರಿಗೆ ಇದು ಥಟ್ಟನೆ ಹೊಳೆಯದಿರುವುದು ಸಹಜ. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯಲ್ಲಿ. ನೀರು ಹೆಪ್ಪುಗಟ್ಟಲು ಅಲ್ಲಿಂದಲೂ ಎಂಟು ಡಿಗ್ರಿಯಷ್ಟು ಕೆಳಗಿಳಿಯಬೇಕು. ಮಿನಿಯಾಪೊಲಿಸ್‌ನಲ್ಲಿ 2019ರ ಜನವರಿ ಕೊನೆಯಲ್ಲಿ ಉಷ್ಣಾಂಶ ಮೈನಸ್ 33 ಡಿಗ್ರಿ ಮುಟ್ಟಿತ್ತು. ನಮ್ಮ ಮನೆಯಂಗಳದ ಗುಲಾಬಿಗೆ ಚಳಿಗಾಲವೆಂಬುದೇ ಗೊತ್ತಿಲ್ಲ. ಆದ್ದರಿಂದ ಶಿವಮೊಗ್ಗದಲ್ಲಿ ಅಮ್ಮನಿಗೆ ಕೈಹಿಡಿದ ಉಪಾಯ ಅಲ್ಲಿ ಮಗಳಿಗೂ ಕೈಹಿಡಿಯಬೇಕೆಂದಿಲ್ಲ.

ಚಳಿ ಗಿಡವನ್ನು ಕೊಲ್ಲುವುದು ಹೇಗೆ?

ಗಿಡದ ಮೈಯಲ್ಲಿ ನೀರಿದೆ. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಸಾಮಾನ್ಯವಾಗಿ ಮೊದಲು ಜೀವಕೋಶಗಳ ನಡುವಿನ ಸಂದುಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅದು ಜೀವಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ. ಅಂದರೆ ಚಳಿಗೆ ಸಿಕ್ಕ ಕೋಶ ಒಂದು ರೀತಿಯಲ್ಲಿ ಒಣಗುತ್ತದೆ. ಮಂಜುಗಡ್ಡೆ ಕೋಶದ ಒಳಗೇ ಕಟ್ಟಿದರೆ ಪೊರೆ ಹರಿದು ಕೋಶ ಸಾಯುತ್ತದೆ.

ಚಳಿ ನಾಡಿನ ಗಿಡಗಳು ಇದಕ್ಕೆ ಮೊದಲೇ ತಯಾರಾಗುತ್ತವೆ. ಹಗಲು ಚಿಕ್ಕದಾಗುತ್ತಾ ರಾತ್ರಿ ತಣ್ಣಗಾಗುತ್ತಾ ಬಂದಂತೆ ಅವು ಬೆಳವಣಿಗೆ ನಿಲ್ಲಿಸುತ್ತವೆ, ಕೋಶಗಳಲ್ಲಿ ಸಕ್ಕರೆ ಅಂಶ ಹೆಚ್ಚಿಸಿಕೊಳ್ಳುತ್ತವೆ, ಪೊರೆಗಳ ರಚನೆಯನ್ನು ಬದಲಿಸಿಕೊಳ್ಳುತ್ತವೆ, ಎಳೆಯ ರೆಂಬೆಯನ್ನು ಬಲಿಸುತ್ತವೆ. ಈ ತಯಾರಿಗೆ ವಾರಗಟ್ಟಲೆ ಬೇಕು. ಎಷ್ಟರ ಮಟ್ಟಿಗೆ ತಯಾರಾಗಬಲ್ಲದು ಎಂಬುದು ಗಿಡದ ವಂಶವಾಹಿಯಲ್ಲಿದೆ. ಅದನ್ನು ಹೊರಗಿನಿಂದ ಉಪ್ಪಾಗಿ, ಗೊಬ್ಬರವಾಗಿ ಸುರಿಯಲು ಬರುವುದಿಲ್ಲ.

ಇಲ್ಲೊಂದು ತೊಡಕಿದೆ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಮ್ಮೆ ಮಾತ್ರ ಹೂ ಬಿಡುತ್ತಿದ್ದವು. ಮತ್ತೆ ಮತ್ತೆ ಹೂ ಬಿಡುವ ಗುಣ ಆಧುನಿಕ ಗುಲಾಬಿಗಳಿಗೆ ಮುಖ್ಯವಾಗಿ ಬಂದದ್ದು 18ನೇ ಶತಮಾನದ ಕೊನೆಯಿಂದ ಯುರೋಪ್ ತಲುಪಿದ ಚೀನಾದ ಗುಲಾಬಿಗಳಿಂದ. ಅವು ಬೆಚ್ಚಗಿನ ಪ್ರದೇಶದವು. ಅವುಗಳ ಜೊತೆ ಶರತ್ಕಾಲದಲ್ಲೂ ಚಿಗುರುತ್ತಲೇ ಇರುವ ಅಭ್ಯಾಸವೂ ಬಂತು. ಮಲಗುವ ಹೊತ್ತಿನಲ್ಲಿ ಎಚ್ಚರವಾಗಿರುವ ಗಿಡಕ್ಕೆ ಚಳಿ ಬೇಗ ಹೊಡೆಯುತ್ತದೆ. ಹೂ ಹೆಚ್ಚು ಬೇಕು, ಚಳಿಯನ್ನೂ ತಡೆಯಬೇಕು ಎನ್ನುವ ಎರಡು ಆಸೆಗಳನ್ನು ಒಂದೇ ಗಿಡದಲ್ಲಿ ಕೂಡಿಸುವುದು ಕಷ್ಟವಾದದ್ದು ಇದೇ ಕಾರಣಕ್ಕೆ.

ಬದುಕುವುದು ಬೇರೆ, ಹತ್ತುವುದು ಬೇರೆ

ಓದುಗರ ಗಿಡದ ಚೀಟಿಯಲ್ಲಿ "ಝೋನ್ 5" ಎಂದು ಬರೆದಿತ್ತು. ಅಮೆರಿಕದ ಕೃಷಿ ಇಲಾಖೆ ದೇಶವನ್ನು ಚಳಿಯ ಪ್ರಮಾಣದ ಮೇಲೆ 13 ವಲಯಗಳಾಗಿ ಗುರುತಿಸಿದೆ. ಅಂಕಿ ಚಿಕ್ಕದಾದಷ್ಟೂ ಚಳಿ ಹೆಚ್ಚು. 5ನೇ ವಲಯವೆಂದರೆ ವರ್ಷದ ಅತಿ ತಣ್ಣನೆಯ ರಾತ್ರಿ ಸರಾಸರಿ ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್. 4ನೇ ವಲಯವೆಂದರೆ ಸುಮಾರು ಮೈನಸ್ 34ರಿಂದ ಮೈನಸ್ 29. ಮಿನಿಯಾಪೊಲಿಸ್ ಇರುವುದು ಈ ಎರಡರ ಅಂಚಿನಲ್ಲಿ.

ಗಮನಿಸಬೇಕಾದ ಪದ "ಸರಾಸರಿ". ಇದು 30 ವರ್ಷಗಳ ಲೆಕ್ಕ. ಕೆಲವು ವರ್ಷ ಚಳಿ ಅದಕ್ಕಿಂತ ಕೆಳಗೆ ಹೋಗಿಯೇ ಹೋಗುತ್ತದೆ. 2019ರ ಆ ಮೈನಸ್ 33 ಡಿಗ್ರಿ 5ನೇ ವಲಯದ ಮಿತಿಯನ್ನು ದಾಟಿದ ಚಳಿ. ಕೆನಡಾದ ವಲಯ ಪದ್ಧತಿ ಇನ್ನೂ ಬೇರೆ. ಅಲ್ಲಿ ಉಷ್ಣಾಂಶದ ಜೊತೆಗೆ ಹಿಮದ ಆಳ, ಗಾಳಿ, ಮಳೆಯಂಥ ಅಂಶಗಳೂ ಸೇರುತ್ತವೆ. ಆದ್ದರಿಂದ ಎರಡು ದೇಶಗಳ ಅಂಕಿಗಳನ್ನು ಒಂದೇ ಎಂದು ತಿಳಿದು ಗಿಡ ಕೊಳ್ಳಬಾರದು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸಾಮಾನ್ಯ ಪೊದೆ ಗುಲಾಬಿ ಚಳಿಗೆ ನೆಲದವರೆಗೆ ಒಣಗಿದರೂ ಅಂಥ ನಷ್ಟವಿಲ್ಲ. ಬುಡದಿಂದ ಮತ್ತೆ ಚಿಗುರಿ ಅದೇ ಬೇಸಿಗೆಯಲ್ಲಿ ಹೂ ಬಿಡುತ್ತದೆ. ಬಳ್ಳಿ ಗುಲಾಬಿಯ ಲೆಕ್ಕ ಹಾಗಲ್ಲ. ಅದರ ಎತ್ತರ ಹಲವು ವರ್ಷಗಳ ರೆಂಬೆಗಳಿಂದ ಕಟ್ಟಿದ್ದು. ಹೂವೂ ಹೆಚ್ಚಾಗಿ ಹಿಂದಿನ ವರ್ಷಗಳ ರೆಂಬೆಯಿಂದ ಹೊರಡುವ ಅಡ್ಡ ಚಿಗುರುಗಳಲ್ಲಿ ಬರುತ್ತದೆ. ಪ್ರತಿ ಚಳಿಗಾಲದಲ್ಲೂ ರೆಂಬೆ ಸತ್ತರೆ ಗಿಡ ಪ್ರತಿ ವಸಂತದಲ್ಲೂ ಒಂದನೇ ಮೆಟ್ಟಿಲಿನಿಂದ ಶುರು ಮಾಡಬೇಕು. ಬೇರು ಬದುಕಿರುತ್ತದೆ, ಚೀಟಿಯಲ್ಲಿ ಬರೆದದ್ದೂ ಸುಳ್ಳಲ್ಲ, ಆದರೆ ಬಳ್ಳಿ ಎಂದೂ ಬಳ್ಳಿಯಾಗುವುದಿಲ್ಲ.

ಹಾಗಾದರೆ ಮೊಣಕಾಲಿನ ಎತ್ತರವೇ ಏಕೆ? ಹಿಮ ಅಲ್ಲಿಯವರೆಗೆ ಮುಚ್ಚಿತ್ತು, ಅದಕ್ಕೆ. ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿಯೇ. ಅದು ರಗ್ಗಿನಂತೆ ಕೆಲಸ ಮಾಡುತ್ತದೆ. ಹಿಮದೊಳಗಿದ್ದ ರೆಂಬೆ ಉಳಿಯಿತು, ಮೇಲೆ ಗಾಳಿಗೆ ಸಿಕ್ಕ ರೆಂಬೆ ಸತ್ತಿತು. ಆದ್ದರಿಂದ ನರ್ಸರಿಯಲ್ಲಿ "ಈ ಗಿಡ ಇಲ್ಲಿ ಬದುಕುತ್ತದೆಯೇ" ಎಂದಷ್ಟೇ ಕೇಳಿದರೆ ಸಾಲದು. "ಇದರ ರೆಂಬೆಯ ತುದಿ ಇಲ್ಲಿನ ಚಳಿಗೆ ಬದುಕುತ್ತದೆಯೇ" ಎಂದು ಕೇಳಬೇಕು.

ಚಳಿಗೆ ಹೂವಿನ ಬಣ್ಣ ಬದಲಾಗುತ್ತದೆಯೇ?

ಉಷ್ಣಾಂಶಕ್ಕೆ ತಕ್ಕಂತೆ ಹೂವಿನ ಬಣ್ಣ ತುಸು ಗಾಢವಾಗಬಹುದು, ತುಸು ತಿಳಿಯಾಗಬಹುದು. ತಿಳಿ ಗುಲಾಬಿ ಬಣ್ಣದ ಹೂ ಒಂದೇ ವರ್ಷದಲ್ಲಿ ಕಡುಗೆಂಪಾಗುವುದಿಲ್ಲ. ಅಲ್ಲಿ ಆಗಿರುವುದು ಬೇರೆ.

ಮಾರಾಟಕ್ಕೆ ಬರುವ ಅನೇಕ ಗುಲಾಬಿಗಳು ಕಸಿ ಗಿಡಗಳು. ಮೇಲೆ ನಮಗೆ ಬೇಕಾದ ತಳಿ, ಕೆಳಗೆ ಬೇರಿಗಾಗಿ ಇನ್ನೊಂದು ತಳಿ. ಅಮೆರಿಕದಲ್ಲಿ ಬೇರಿಗೆ ಹೆಚ್ಚಾಗಿ ಬಳಸುವ ತಳಿಗಳಲ್ಲೊಂದು 'ಡಾಕ್ಟರ್ ಹ್ಯೂಯಿ'. ಅದರ ಹೂ ಕಡುಗೆಂಪು. ಕಸಿ ಕಟ್ಟಿದ ಗಂಟು ನೆಲದ ಮೇಲಿದ್ದರೆ ಕಡು ಚಳಿಗೆ ಅದು ಸಾಯಬಹುದು. ಆಗ ಮಣ್ಣೊಳಗೆ ಉಳಿದ ಬೇರು ತನ್ನದೇ ಚಿಗುರು ಹೊರಡಿಸುತ್ತದೆ. ಓದುಗರು ಕಳಿಸಿದ ಹೂವಿನ ಫೋಟೊ ನೋಡಿದಾಗ ನಮಗೂ ಹಾಗೇ ತೋರಿತು. ಅವರ ಗುಲಾಬಿ ಬಣ್ಣ ಬದಲಿಸಿರಲಿಲ್ಲ. ಅದು ಸತ್ತುಹೋಗಿ, ಅದರ ಜಾಗದಲ್ಲಿ ಬೇರಿನ ಗಿಡ ಬೆಳೆದಿತ್ತು.

ಇದು ನಮ್ಮ ಊರಿಗೂ ಅನ್ವಯಿಸುತ್ತದೆ. ಇಲ್ಲಿ ಚಳಿ ಕೊಲ್ಲದಿದ್ದರೂ ಕಸಿ ಗುಲಾಬಿಯ ಗಂಟಿನ ಕೆಳಗಿನಿಂದ ಚಿಗುರು ಬಂದು ಮೇಲಿನ ತಳಿಯನ್ನು ಸೊರಗಿಸುವುದುಂಟು. "ನರ್ಸರಿಯವರು ಮೋಸ ಮಾಡಿದರು, ಬೇರೆ ಹೂ ಬಿಟ್ಟಿತು" ಎನ್ನುವ ಮೊದಲು ಚಿಗುರು ಹೊರಟದ್ದು ಗಂಟಿನ ಮೇಲಿಂದಲೋ ಕೆಳಗಿಂದಲೋ ನೋಡಿ. ಕೆಳಗಿಂದ ಬಂದಿದ್ದರೆ ಬುಡದಿಂದಲೇ ಕಿತ್ತು ತೆಗೆಯಿರಿ.

ಒಟ್ಟಾವದ ಹೊಲದಲ್ಲಿ ಸಿಕ್ಕ ಉತ್ತರ

ಚಳಿ ನಾಡಿಗೆ ನಿಜವಾಗಿ ಒಗ್ಗುವ ಬಳ್ಳಿ ಗುಲಾಬಿಗಳಿವೆಯೇ? ಇವೆ. ಅವುಗಳಲ್ಲಿ ಹೆಸರಾದ ಕೆಲವು ಬಂದದ್ದು ಸರ್ಕಾರಿ ಸಂಶೋಧನಾ ತೋಟವೊಂದರಿಂದ. ಕೆನಡಾದ ರಾಜಧಾನಿ ಒಟ್ಟಾವದ ಕೇಂದ್ರ ಪ್ರಾಯೋಗಿಕ ತೋಟದಲ್ಲಿ ಫೆಲಿಸಿಟಾಸ್ ಸ್ವೈಡಾ ಎಂಬ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಗುಲಾಬಿ ತಳಿ ಅಭಿವೃದ್ಧಿ ಕೆಲಸ ಶುರು ಮಾಡಿದರು. ವಿಯೆನ್ನಾದಲ್ಲಿ ಹುಟ್ಟಿ, 1953ರಲ್ಲಿ ಕೆನಡಾಕ್ಕೆ ಬಂದವರು ಅವರು.

ಅವರು ಆರಿಸಿಕೊಂಡ ತಾಯಿಬೇರುಗಳಲ್ಲಿ ಒಂದು ಜಪಾನ್, ಕೊರಿಯಾ ಮತ್ತು ರಷ್ಯಾದ ಪೂರ್ವ ಕರಾವಳಿಯ ರುಗೋಸಾ ಗುಲಾಬಿ. ಇನ್ನೊಂದು ಜರ್ಮನಿಯ ವಿಲ್‌ಹೆಲ್ಮ್ ಕೋರ್ಡೆಸ್ ಅವರ ತೋಟದಲ್ಲಿ ಹುಟ್ಟಿದ, ರುಗೋಸಾದ ರಕ್ತವೇ ಇರುವ ಕೋರ್ಡೆಸಿ ಗುಲಾಬಿ. ಸಸಿಗಳನ್ನು ಅವರು ಮುಚ್ಚಿ ಕಾಪಾಡಲಿಲ್ಲ. ಬಯಲಲ್ಲಿ ಒಟ್ಟಾವದ ಚಳಿಗೆ ಬಿಟ್ಟರು. ಬದುಕಿದ್ದನ್ನು, ರೋಗಕ್ಕೆ ಬಗ್ಗದ್ದನ್ನು, ಮತ್ತೆ ಮತ್ತೆ ಹೂ ಬಿಟ್ಟದ್ದನ್ನು ಮಾತ್ರ ಆರಿಸಿದರು. ಹೀಗೆ ಬಂದದ್ದೇ 'ಎಕ್ಸ್‌ಪ್ಲೋರರ್' ಸರಣಿ. ಅದರ ತಳಿಗಳಿಗೆ ಹಳೆಯ ಅನ್ವೇಷಕರ ಹೆಸರುಗಳಿವೆ. 1978ರ 'ಜಾನ್ ಕ್ಯಾಬಟ್', 1983ರ 'ವಿಲಿಯಂ ಬ್ಯಾಫಿನ್', 1986ರ 'ಜಾನ್ ಡೇವಿಸ್' ಇವುಗಳನ್ನು ಬಳ್ಳಿಯಾಗಿ ಹಬ್ಬಿಸಬಹುದು. ಮೂರೂ ಗುಲಾಬಿ ಬಣ್ಣದ ಬೇರೆ ಬೇರೆ ಛಾಯೆಗಳವು. 'ವಿಲಿಯಂ ಬ್ಯಾಫಿನ್' ಎರಡೂವರೆ ಮೀಟರ್ ಮೀರಿ ಏರುತ್ತದೆ, 3ನೇ ವಲಯದ ಚಳಿಗೂ ಶಿಫಾರಸಾಗುತ್ತದೆ.

ಹೋಲಿಕೆಗೆ, ಬಹು ಜನಪ್ರಿಯ ಬಳ್ಳಿ ಗುಲಾಬಿ 'ನ್ಯೂ ಡಾನ್' ನೋಡಿ. 1930ರಲ್ಲಿ ಮಾರುಕಟ್ಟೆಗೆ ಬಂದ, ಅಮೆರಿಕದಲ್ಲಿ ಮೊಟ್ಟಮೊದಲ ಸಸ್ಯ ಪೇಟೆಂಟ್ ಪಡೆದ ತಳಿ ಅದು. ಚೆಂದದ ಗಿಡವೇ. ಆದರೆ ಅದನ್ನು ಸಾಮಾನ್ಯವಾಗಿ 5ನೇ ವಲಯದವರೆಗೆ ಮಾತ್ರ ಶಿಫಾರಸು ಮಾಡುತ್ತಾರೆ. ಅದಕ್ಕಿಂತ ಚಳಿಯಿರುವಲ್ಲಿ ಪ್ರತಿ ವರ್ಷ ರೆಂಬೆ ಕಳೆದುಕೊಳ್ಳುವ ಭಯ ಇದ್ದೇ ಇರುತ್ತದೆ.

ಫಾರ್ವರ್ಡ್‌ನ ಸಲಹೆಗಳ ಪರಿಶೀಲನೆ

*ಆಲೂಗಡ್ಡೆಗೆ ಕಡ್ಡಿ ಚುಚ್ಚುವುದು:* ಆಲೂಗಡ್ಡೆಯಲ್ಲಿ ತೇವವಿದೆ ನಿಜ. ತೇವ ಮಣ್ಣಿನಲ್ಲೂ ಇದೆ. ನಾವೂ ಎರಡು ಕುಂಡಗಳಲ್ಲಿ ಮಾಡಿ ನೋಡಿದೆವು. ಗುಲಾಬಿ ಕಡ್ಡಿ ಕಪ್ಪಾಯಿತು, ಆಲೂಗಡ್ಡೆ ಮಾತ್ರ ಸೊಗಸಾಗಿ ಚಿಗುರಿತು. ಎರಡು ಕುಂಡದ ಪ್ರಯೋಗವನ್ನು ಪುರಾವೆ ಎನ್ನಲಾಗದು. ಆದರೆ ಕಡ್ಡಿ ಬೇರು ಬಿಡಲು ನೆರವಾಗುವುದು ಆಕ್ಸಿನ್ ಗುಂಪಿನ ಹಾರ್ಮೋನು ಮತ್ತು ನೀರು ನಿಲ್ಲದ, ತೇವ ಆರದ ಮಣ್ಣು. ಕೊಳೆಯುವ ಗಡ್ಡೆ ಕಡ್ಡಿಯನ್ನೂ ಕೊಳೆಸುವ ಸಾಧ್ಯತೆಯೇ ಹೆಚ್ಚು. ಇನ್ನು ಬೊಕೆಯ ಹೂವಿನ ಕಡ್ಡಿ ಬೇರು ಬಿಟ್ಟರೂ ಅದು ಹಸಿರುಮನೆಯಲ್ಲಿ ಬೆಳೆಸುವ ತಳಿ, ಹಿಮಕ್ಕೆ ತಕ್ಕದ್ದಲ್ಲ.

*ಎಪ್ಸಮ್ ಉಪ್ಪು:* ಇದು ಮೆಗ್ನೀಷಿಯಂ ಸಲ್ಫೇಟ್. ಮಣ್ಣಿನಲ್ಲಿ ಮೆಗ್ನೀಷಿಯಂ ಕೊರತೆಯಿದ್ದರೆ ಉಪಯೋಗವಾಗುತ್ತದೆ. ಕೊರತೆ ಇದೆಯೋ ಇಲ್ಲವೋ ಮಣ್ಣು ಪರೀಕ್ಷೆಯಿಂದ ತಿಳಿಯುತ್ತದೆ. ಚಳಿ ತಡೆಯುವ ಶಕ್ತಿಯನ್ನು ಇದು ಕೊಡುವುದಿಲ್ಲ.

*ಪ್ಲಾಸ್ಟಿಕ್ ಸುತ್ತುವುದು:* ಹೊದಿಕೆಯ ಕೆಲಸ ಗಿಡವನ್ನು ಬೆಚ್ಚಗೆ ಮಾಡುವುದಲ್ಲ, ಉಷ್ಣಾಂಶ ಏರಿಳಿಯದಂತೆ ನೋಡಿಕೊಳ್ಳುವುದು. ಪ್ಲಾಸ್ಟಿಕ್ ಒಳಗೆ ಹಗಲು ಬಿಸಿಲಿಗೆ ಕಾವೇರುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ, ತೇವ ನಿಂತು ಬೂಷ್ಟು ಹಿಡಿಯುತ್ತದೆ. ಈ ಏರಿಳಿತ ಸಮನಾದ ಚಳಿಗಿಂತ ಅಪಾಯ. ಗೋಣಿತಾಟು, ಒಣ ಎಲೆ, ಹುಲ್ಲು, ಮಣ್ಣು ಇವು ಒಳ್ಳೆಯ ಹೊದಿಕೆ.

*ನೀಲಿ, ಏಳು ಬಣ್ಣದ ಬಳ್ಳಿ ಗುಲಾಬಿ ಬೀಜ:* ಇದು ಹಣ ಕಳೆಯುವ ದಾರಿ. ಹೆಸರಿರುವ ಗುಲಾಬಿ ತಳಿಗಳನ್ನು ಕಡ್ಡಿಯಿಂದ ಅಥವಾ ಕಸಿಯಿಂದ ಬೆಳೆಸುತ್ತಾರೆ. ಬೀಜದಿಂದ ಹುಟ್ಟಿದ್ದು ತಾಯಿಯಂತೆಯೇ ಇರುವುದಿಲ್ಲ. ಅಚ್ಚ ನೀಲಿ ಗುಲಾಬಿಯಂತೂ ಎಲ್ಲೂ ಇಲ್ಲ. ಜಪಾನಿನ ಸನ್ಟೋರಿ ಕಂಪನಿ ಪ್ಯಾನ್ಸಿ ಹೂವಿನ ವಂಶವಾಹಿ ಸೇರಿಸಿ ಮಾಡಿದ, 2009ರಲ್ಲಿ ಮಾರಾಟಕ್ಕೆ ಬಂದ ಗುಲಾಬಿಯೂ ನೋಡಲು ತಿಳಿ ನೇರಳೆ. ಲಿಂಕ್ ಒತ್ತಿ ಹಣ ಕಟ್ಟಬೇಡಿ.

*ಊರಿಂದ ಕಡ್ಡಿ ಒಯ್ಯುವುದು:* ಫಾರ್ವರ್ಡ್‌ನಲ್ಲಿ ಇಲ್ಲದಿದ್ದರೂ ಅನೇಕ ತಾಯಂದಿರ ಮನಸ್ಸಿನಲ್ಲಿರುತ್ತದೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಬೇಕಾದ ಅನುಮತಿ ಇಲ್ಲದೆ ಗಿಡ, ಕಡ್ಡಿಗಳನ್ನು ಅಮೆರಿಕಕ್ಕಾಗಲಿ ಕೆನಡಾಕ್ಕಾಗಲಿ ಒಯ್ಯುವಂತಿಲ್ಲ. ರೋಗ, ಕೀಟ ಹರಡದಿರಲಿ ಎಂಬ ಕಾರಣಕ್ಕೆ ಈ ನಿಯಮ.

ಹಾಗಾದರೆ ಮಾಡಬೇಕಾದ್ದೇನು?

ಮೊದಲನೆಯದು ತಳಿಯ ಆಯ್ಕೆ. ನಿಮ್ಮ ವಲಯಕ್ಕಿಂತ ಒಂದು ಅಂಕಿ ಕಡಿಮೆ ಇರುವುದನ್ನು ಕೊಳ್ಳಿ. ಸಿಕ್ಕರೆ ಕಸಿ ಇಲ್ಲದ, ತನ್ನದೇ ಬೇರಿನ ಗಿಡ ತನ್ನಿ. ಅದು ನೆಲದವರೆಗೆ ಸತ್ತರೂ ಮತ್ತೆ ಚಿಗುರುವುದು ಅದೇ ತಳಿ. ಕಸಿ ಗಿಡವಾದರೆ ಗಂಟನ್ನು ಮಣ್ಣಿನ 10ರಿಂದ 15 ಸೆಂಟಿಮೀಟರ್ ಆಳಕ್ಕೆ ಹೂಳಿ. ನೆಡಲು ವಸಂತ ಒಳ್ಳೆಯದು, ಬೇರೂರಲು ಒಂದು ಇಡೀ ಬೇಸಿಗೆ ಸಿಗುತ್ತದೆ. ದಿನಕ್ಕೆ ಆರು ಗಂಟೆ ಬಿಸಿಲು, ನೀರು ನಿಲ್ಲದ ಮಣ್ಣು ಬೇಕು. ಗೋಡೆಯ ಬುಡದಲ್ಲಿ ಮಣ್ಣು ಒಣಗಿರುತ್ತದೆ, ಆದ್ದರಿಂದ ಒಂದೂವರೆ ಅಡಿಯಾದರೂ ಬಿಟ್ಟು ನೆಡಿ.

ಎರಡನೆಯದು ಕಟ್ಟುವ ಕ್ರಮ. ಗುಲಾಬಿಗೆ ಹೀರೆ, ಹಾಗಲದಂತೆ ಹಿಡಿದುಕೊಳ್ಳುವ ಕುಡಿಬಳ್ಳಿ ಇಲ್ಲ. ನಾವೇ ಹಂದರಕ್ಕೆ ಕಟ್ಟಬೇಕು. ರೆಂಬೆಯನ್ನು ನೇರ ಮೇಲಕ್ಕೆ ಬಿಟ್ಟರೆ ತುದಿಯಲ್ಲಷ್ಟೇ ಹೂ. ಬೀಸಣಿಗೆಯಂತೆ ಅಡ್ಡಡ್ಡ ಬಾಗಿಸಿ ಕಟ್ಟಿದರೆ ಉದ್ದಕ್ಕೂ ಚಿಗುರು ಬಂದು ಹೂ ತುಂಬುತ್ತದೆ.

ಮೂರನೆಯದು ಚಳಿಗಾಲದ ತಯಾರಿ. ಮೊದಲ ಮಂಜು ಬೀಳುವುದಕ್ಕೆ ಸುಮಾರು ಆರು ವಾರ ಮೊದಲೇ ಸಾರಜನಕ ಗೊಬ್ಬರ ನಿಲ್ಲಿಸಿ. "ಚಳಿಗೆ ಮುಂಚೆ ಚೆನ್ನಾಗಿ ಗೊಬ್ಬರ ಕೊಟ್ಟರೆ ಶಕ್ತಿ ಬರುತ್ತದೆ" ಎಂಬುದು ತಪ್ಪು. ಆಗ ಹುಟ್ಟುವ ಎಳೆ ಚಿಗುರೇ ಮೊದಲು ಸಾಯುತ್ತದೆ. ಕೊನೆಯ ಹೂಗಳನ್ನು ಕತ್ತರಿಸದೆ ಕಾಯಿ ಕಟ್ಟಲು ಬಿಡಿ. ನೆಲ ಹೆಪ್ಪುಗಟ್ಟುವ ಮೊದಲು ಚೆನ್ನಾಗಿ ನೀರುಣಿಸಿ, ಬುಡಕ್ಕೆ ಮಣ್ಣು ಏರಿಸಿ. ಅಷ್ಟಾಗಿ ಚಳಿ ತಡೆಯದ ತಳಿಯಾದರೆ ರೆಂಬೆಗಳನ್ನು ಹಂದರದಿಂದ ಬಿಚ್ಚಿ ನೆಲಕ್ಕೆ ಬಾಗಿಸಿ ಮುಚ್ಚಬೇಕು. ಮಿನೆಸೋಟಾದಲ್ಲಿ ಗುಲಾಬಿ ಗಿಡವನ್ನೇ ಓರೆಯಾಗಿ ಮಲಗಿಸಿ ಮಣ್ಣು ಮುಚ್ಚುವ ಪದ್ಧತಿಗೆ 'ಮಿನೆಸೋಟಾ ಟಿಪ್' ಎಂಬ ಹೆಸರೇ ಇದೆ. ವರ್ಷ ವರ್ಷ ಮಾಡಬೇಕಾದ, ಮುಳ್ಳಿನ ನಡುವಿನ ಕೆಲಸ ಅದು. ಸರಿಯಾದ ತಳಿ ನೆಟ್ಟವರಿಗೆ ಇದು ತಪ್ಪುತ್ತದೆ.

ಕೊನೆಯದು, ವಸಂತದವರೆಗೆ ಕತ್ತರಿ ಹಿಡಿಯಬೇಡಿ. ಚಿಗುರು ಕಣ್ಣು ಉಬ್ಬಿದ ಮೇಲೆ ರೆಂಬೆಯ ಸಿಪ್ಪೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಸತ್ತಿದೆ. ಹಸಿರು ಸಿಗುವವರೆಗೆ ಮಾತ್ರ ಕತ್ತರಿಸಿ.

ಓದುಗರಿಗೆ ನಾವು ಹೇಳಿದ್ದು

ಮುಂದಿನ ಜೂನ್‌ಗೆ ಗೋಡೆ ತುಂಬ ಹೂ ಸಾಧ್ಯವಿಲ್ಲ. ಯಾವ ಉಪಾಯದಿಂದಲೂ ಇಲ್ಲ. ಹೊಸ ಬಳ್ಳಿ ನೆಲೆಯೂರಿ ಎತ್ತರಕ್ಕೆ ಬರಲು ಎರಡು ಮೂರು ವರ್ಷ ಬೇಕು. ಕಡುಗೆಂಪು ಗಿಡವನ್ನು ಇಟ್ಟುಕೊಳ್ಳುವುದೋ ಕೀಳುವುದೋ ಅವರಿಗೆ ಬಿಟ್ಟದ್ದು. ಆದರೆ ಹಳೆಯ ತಿಳಿ ಗುಲಾಬಿ ಅದರಿಂದ ಮರಳಿ ಬರುವುದಿಲ್ಲ. ವಸಂತದಲ್ಲಿ ತನ್ನದೇ ಬೇರಿನ, 3ನೇ ವಲಯದ ಬಳ್ಳಿಯೊಂದನ್ನು ನೆಟ್ಟರೆ ತಾಯಿ ಬರುವ ಹೊತ್ತಿಗೆ ಕೆಲವು ಚಿಗುರುಗಳಾದರೂ ಇರುತ್ತವೆ. ಅವನ್ನು ಹಂದರಕ್ಕೆ ಬಾಗಿಸಿ ಕಟ್ಟುವ ಕೆಲಸಕ್ಕೆ ಶಿವಮೊಗ್ಗದಲ್ಲಿ ಬಳ್ಳಿ ಹಬ್ಬಿಸಿ ಪಳಗಿದ ಕೈ ಹೇಗೂ ಬೇಕು.

ಮಗಳು ಅಮ್ಮನಿಗೆ ಇದನ್ನೆಲ್ಲ ಫೋನ್‌ನಲ್ಲಿ ವಿವರಿಸಿದರಂತೆ. ಅಮ್ಮ ಕೇಳಿಸಿಕೊಂಡು, "ಹಂಗಾದ್ರೆ ಆ ಬೀಜಕ್ಕೆ ನಾನು ದುಡ್ಡು ಕಟ್ಟಲ್ಲ ಬಿಡು" ಎಂದರಂತೆ. ನಿಮ್ಮ ಗುಂಪಿಗೂ ಆ ಚಿತ್ರ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಹಿಮವನ್ನೂ ಹೂವನ್ನೂ ಒಟ್ಟಿಗೆ ಇನ್ನೊಮ್ಮೆ ನೋಡಿ.